25 ರೂಪಾಯಿಯ ಮುಟ್ಟಿದರೆ ಮುನಿ

ಅಡುಗೆಮನೆಯ ಕಪಾಟಿನ ಅಡಿಗೆ ಎಲ್‌ಇಡಿ ಪಟ್ಟಿ ಹಾಕಿಕೊಡು ಎಂದು ಅಮ್ಮ ಕೇಳಿದ್ದು ಯುಗಾದಿಗೆ. ನಾನು ಹಾಕಿಕೊಟ್ಟದ್ದು ಚೌತಿಗೆ. ನಡುವಿನ ತಿಂಗಳುಗಳನ್ನು ನುಂಗಿದ್ದು ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ಕೆಂಪು ಬೋರ್ಡು, ಟಿಟಿಪಿ223 ಟಚ್ ಸೆನ್ಸರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದಕ್ಕೆ 25 ರೂಪಾಯಿಯಂತೆ ನಾಲ್ಕು ತಂದಿದ್ದೆ. ಒಂದನ್ನು ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿ ನಾನೇ ಸುಟ್ಟೆ. ಅದರ ತಪ್ಪೇನಿಲ್ಲ.

ಟಚ್ ಸ್ವಿಚ್ಚೇ ಏಕೆಂದರೆ, ನಮ್ಮ ಅಡುಗೆಮನೆಯಲ್ಲಿ ಒತ್ತುವ ಸ್ವಿಚ್ಚಿನ ಸಂದಿಗೆಲ್ಲ ಒಗ್ಗರಣೆಯ ಜಿಡ್ಡು, ಅಕ್ಕಿಹಿಟ್ಟು. ಇದರಲ್ಲಿ ಸಂದಿಯೇ ಇಲ್ಲ. ಬೆರಳು ಹತ್ತಿರ ಬಂದರೆ ಬೋರ್ಡಿನ ತಾಮ್ರದ ಪದರದ ಧಾರಕತೆ, ಅಂದರೆ ವಿದ್ಯುದಾವೇಶ ಹಿಡಿದಿಡುವ ಶಕ್ತಿ, ಕೆಲವು ಪಿಕೋಫ್ಯಾರಡ್‌ನಷ್ಟು ಏರುತ್ತದೆ, ಚಿಪ್ಪು ಅದನ್ನು ಗುರುತಿಸುತ್ತದೆ. 2ರಿಂದ 5.5 ವೋಲ್ಟಿನವರೆಗೆ ನಡೆಯುವುದರಿಂದ ಮೊಬೈಲ್ ಚಾರ್ಜರ್ ಸಾಕು. ಬೋರ್ಡಿನ ಮೇಲೆ ಎ, ಬಿ ಎಂಬ ಎರಡು ಚಿಕ್ಕ ಗುರುತುಗಳಿವೆ. ಬಿ ಗುರುತಿನ ಎರಡು ತುದಿಗಳನ್ನು ಒಂದು ಹನಿ ಬೆಸುಗೆಯಿಂದ ಸೇರಿಸಿದರೆ ಒಮ್ಮೆ ಮುಟ್ಟಿದಾಗ ಹತ್ತಿ, ಇನ್ನೊಮ್ಮೆ ಮುಟ್ಟಿದಾಗ ಆರುತ್ತದೆ. ಪ್ರೋಗ್ರಾಂ ಬರೆಯುವ ಗೋಜೇ ಇಲ್ಲ. ಆದರೆ ಇದರ ಔಟ್‌ಪುಟ್ಟಿನಿಂದ ಎಲ್‌ಇಡಿ ಪಟ್ಟಿಯನ್ನು ನೇರವಾಗಿ ಉರಿಸಲಾಗದು, ನಡುವೆ ಸಣ್ಣ ಸಂಕೇತಕ್ಕೆ ದೊಡ್ಡ ಕರೆಂಟನ್ನು ಹರಿಯಬಿಡುವ ಮಾಸ್‌ಫೆಟ್ ಎಂಬ ಬಿಡಿಭಾಗ ಬೇಕು. ಅಂಗಡಿಯಲ್ಲಿ ಐಆರ್‌ಎಲ್‌ಝಡ್44ಎನ್ ಎಂದೇ ಕೇಳಿ. ನನಗೆ ಐಆರ್‌ಎಫ್‌ಝಡ್44ಎನ್ ಕಟ್ಟಿಕೊಟ್ಟಿದ್ದರು. ಒಂದೇ ಅಕ್ಷರದ ವ್ಯತ್ಯಾಸ, ದೀಪ ಮಾತ್ರ ಮಂಕು.

ಮೊದಲ ವಾರ ದೀಪ ತಾನಾಗಿಯೇ ಹತ್ತುತ್ತಿತ್ತು, ತಾನಾಗಿಯೇ ಆರುತ್ತಿತ್ತು. ಅಮ್ಮ ಸೌಟು ಹಿಡಿದು ನಿಂತು ನೋಡಿದಳು. “ಮುಟ್ಟದೆಯೇ ಹತ್ತುತ್ತದಲ್ಲೋ, ನಿನ್ನ ದೀಪ ಮಡಿಯಲ್ಲಿದೆಯೇನೋ?” ನಾನು ಚಿಪ್ಪನ್ನು ಬೈದೆ, ಬೋರ್ಡು ಬದಲಿಸಿದೆ, ಫಲವಿಲ್ಲ. ಕೊನೆಗೆ ಪವರ್ ಬ್ಯಾಂಕಿಗೆ ಸಿಕ್ಕಿಸಿದೆ. ರಾತ್ರಿಯಿಡೀ ತೆಪ್ಪಗಿತ್ತು. ಅಪರಾಧಿ ರಸ್ತೆ ಬದಿಯಲ್ಲಿ ಕೊಂಡ ಹೆಸರಿಲ್ಲದ ಚಾರ್ಜರ್. ಅದರಿಂದ ಬರುವ ವಿದ್ಯುತ್ ಗದ್ದಲವನ್ನೇ ಸೆನ್ಸರ್ ಬೆರಳೆಂದು ತಿಳಿಯುತ್ತಿತ್ತು. ಹಳೆಯ ಫೋನಿನ ಜೊತೆಗೆ ಬಂದಿದ್ದ ಚಾರ್ಜರ್ ಹಾಕಿ, ಬೋರ್ಡಿನ ಪ್ಲಸ್ಸು ಮೈನಸ್ಸಿಗೆ ಅಡ್ಡಲಾಗಿ ಗದ್ದಲ ಹೀರಲು ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದ ಮೇಲೆ ಆ ಕಾಟ ನಿಂತಿತು.

ಆಮೇಲೆ ನೀರು. ಕಪಾಟಿನ ಕೆಳ ಅಂಚಿನಲ್ಲಿ ಅಂಟಿಸಿದ್ದಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ದೀಪ ಹತ್ತುತ್ತಿತ್ತು. ಇದಕ್ಕೆ ಮದ್ದು ಜಾಗ ಬದಲಿಸುವುದೊಂದೇ. ಕಪಾಟಿನ ಪಕ್ಕದ ಹಲಗೆಯ ಒಳಗಿನಿಂದ ಉಳಿಯಲ್ಲಿ ಕೆತ್ತಿ, ಹೊರಗಿನ ಸನ್‌ಮೈಕಾ ಸೇರಿ ಮೂರು ಮಿಲಿಮೀಟರ್‌ನಷ್ಟು ಉಳಿಸಿದೆ. ಆದರೂ ಪುಟ್ಟ ಬೋರ್ಡು ಹತ್ತು ಸಲಕ್ಕೆ ನಾಲ್ಕು ಸಲ ಓಗೊಟ್ಟರೆ ಹೆಚ್ಚು. ಅದರ ಸ್ಪರ್ಶದ ಜಾಗದಿಂದ ಗೇಣಿಗಿಂತ ಗಿಡ್ಡದಾದ ಒಂದು ತಂತಿ ಎಳೆದು, ಮೂರು ಸೆಂಟಿಮೀಟರ್ ಚೌಕದ ತಾಮ್ರದ ಟೇಪಿಗೆ ಬೆಸೆದು ಒಳಗೆ ಅಂಟಿಸಿದ ಮೇಲೆ ಸರಿಹೋಯಿತು. ಪದರ ದೊಡ್ಡದಾದಷ್ಟೂ ಕಿವಿ ಚುರುಕು. ತಂತಿ ಉದ್ದವಾದರೆ ಮಾತ್ರ ಅದೇ ಆಂಟೆನಾ ಆಗಿ ಮತ್ತೆ ಮಡಿಯ ಕಥೆ.

ಇನ್ನೂ ಉಳಿದಿರುವ ಒಂದು ಚಾಳಿ: ಕರೆಂಟು ಬಂದ ಮೊದಲ ಅರ್ಧ ಸೆಕೆಂಡಿನಲ್ಲಿ ಚಿಪ್ಪು ತನ್ನ ಸುತ್ತಲಿನದನ್ನು ಅಳೆದುಕೊಳ್ಳುತ್ತದೆ. ಆ ಹೊತ್ತಿಗೆ ಬೆರಳು ಅಲ್ಲಿದ್ದರೆ ಬೆರಳನ್ನೂ ಹಲಗೆಯ ಭಾಗವೆಂದೇ ನಂಬಿಬಿಡುತ್ತದೆ. ಮಳೆಗಾಲದಲ್ಲಿ ಕರೆಂಟು ಕಣ್ಣುಮುಚ್ಚಾಲೆ ಆಡುವ ನಮ್ಮೂರಿನಲ್ಲಿ ಎರಡು ಸಲ ಹೀಗಾಗಿದೆ. ಕೈ ತೆಗೆದು ನಾಲ್ಕಾರು ಸೆಕೆಂಡು ಸುಮ್ಮನಿದ್ದರೆ ತಾನೇ ಸರಿಹೋಗುತ್ತದೆ.

ಬಚ್ಚಲುಮನೆಗೆ, ಜಗಲಿಗೆ ಇದನ್ನು ಕೊಳ್ಳಬೇಡಿ. ಪ್ರೋಗ್ರಾಂ ಬರೆದು ನಡೆಸುವ ಇಎಸ್‌ಪಿ32 ಬೋರ್ಡಿನ ಮೂಲ ಮಾದರಿ ಬಳಸುವವರಿಗೆ ಇದು ಬೇಕಾಗಿಯೇ ಇಲ್ಲ, ಅದರ ಚಿಪ್ಪಿನಲ್ಲೇ ಸ್ಪರ್ಶ ಅರಿಯುವ ಹತ್ತು ಪಿನ್ನುಗಳಿವೆ. ಒಂದು ದೀಪ, ಒಣ ಜಾಗ, ಒಳ್ಳೆಯ ಚಾರ್ಜರ್ ಇದ್ದರೆ 25 ರೂಪಾಯಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಸನ್‌ಮೈಕಾದ ಹಿಂದೆ ಅಡಗಿರುವುದರಿಂದ ಎಲ್ಲಿ ಮುಟ್ಟಬೇಕೆಂದು ಹೊರಗಿನಿಂದ ಕಾಣುವುದಿಲ್ಲ. ನಾನು ಸ್ಟಿಕ್ಕರ್ ತರುವೆನೆಂದು ಹೇಳಿ ಮರೆತೆ. ಅಮ್ಮ ಅಲ್ಲೊಂದು ಕುಂಕುಮದ ಬೊಟ್ಟು ಇಟ್ಟುಕೊಂಡಿದ್ದಾಳೆ. ಬೆರಳು ತಾಗಿ ತಾಗಿ ವಾರದಲ್ಲಿ ಅಳಿಸಿಹೋಗುತ್ತದೆ, ಶುಕ್ರವಾರ ಮತ್ತೆ ಇಡುತ್ತಾಳೆ.