ಸರ್ವ ಸದಸ್ಯರ ಸಭೆಗೆ ಹೊರಗಿನ ನಿಯಮ ಸಲಹೆಗಾರರು: ಒಂದು ಸೇವೆಯ ವಿಮರ್ಶೆ

ದಕ್ಷಿಣ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಮಾಲೀಕರ ಸಂಘವು ಈ ಸಲದ ವಾರ್ಷಿಕ ಸರ್ವ ಸದಸ್ಯರ ಸಭೆಗೆ ಜಯನಗರದ ಒಂದು ಕಂಪನಿ ಸೆಕ್ರೆಟರಿ (ಕಂಪನಿಗಳ ಕಾನೂನು ಪಾಲನೆಯ ಕೆಲಸ ನೋಡುವ ವೃತ್ತಿಪರರ) ಕಚೇರಿಯಿಂದ ಸಭಾ ನಿಯಮಗಳ ಸಲಹೆಗಾರರೊಬ್ಬರನ್ನು ಕರೆಸಿತ್ತು. ಅಮೆರಿಕದ ಸಂಘಸಂಸ್ಥೆಗಳಲ್ಲಿ ಪಾರ್ಲಿಮೆಂಟೇರಿಯನ್ ಎಂದು ಕರೆಯುವ ಈ ಹುದ್ದೆ ನಮ್ಮಲ್ಲಿ ಇನ್ನೂ ಅಪರೂಪ. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಆಗಿದೆಯೇ, ಬಾರದ ಸದಸ್ಯರು ಬೇರೊಬ್ಬರಿಗೆ ಮತ ಹಾಕಲು ಕೊಟ್ಟ ಪ್ರಾಕ್ಸಿ ಪತ್ರ ಸಂಘದ ಬೈಲಾದ ಪ್ರಕಾರ ಸಿಂಧುವೇ, ತಿದ್ದುಪಡಿ ಮತ್ತು ಮೂಲ ಗೊತ್ತುವಳಿಗಳಲ್ಲಿ ಯಾವುದನ್ನು ಮೊದಲು ಮತಕ್ಕೆ ಹಾಕಬೇಕು ಎಂಬ ಪ್ರಶ್ನೆಗಳಲ್ಲಿ ಅಧ್ಯಕ್ಷರಿಗೆ ಸಲಹೆ ಕೊಡುವುದಷ್ಟೇ ಇವರ ಕೆಲಸ. ತೀರ್ಪು ಕೊಡುವವರು ಅಧ್ಯಕ್ಷರೇ. ಅಧಿಕಾರವಿಲ್ಲದ ಈ ಸ್ಥಾನಕ್ಕೆ ಇರುವ ಬಂಡವಾಳ ಸದಸ್ಯರ ನಂಬಿಕೆ ಒಂದೇ ಆದ್ದರಿಂದ, ಸೇವೆಯನ್ನು ಅಳೆಯುವಾಗ ಸಲಹೆಗಾರರ ನಿಯಮಜ್ಞಾನಕ್ಕಿಂತ ಮೊದಲು ಅವರಿಗೆ ಯಾರ ಜೊತೆ ಯಾವ ವ್ಯವಹಾರವಿದೆ ಎಂಬುದನ್ನು ನೋಡಬೇಕೆಂದು ನಾನು ಭಾವಿಸುತ್ತೇನೆ.

ಹೊರಗಿನವರೇ ಏಕೆ ಬೇಕು ಎಂಬ ಪ್ರಶ್ನೆ ಸಮಿತಿಯಲ್ಲಿ ಗಂಭೀರವಾಗಿಯೇ ಚರ್ಚೆಯಾಯಿತು. ನಮ್ಮ ಕಟ್ಟಡದಲ್ಲೇ ಇರುವ, ಸಭೆಗಳನ್ನು ನಡೆಸಿ ಪಳಗಿದ ನಿವೃತ್ತ ಹಿರಿಯರೊಬ್ಬರ ಹೆಸರು ಮೊದಲು ಬಂತು. ಅವರ ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸಲಿಲ್ಲ. ಆದರೆ ಅವರ ಮನೆ ಕೊನೆಯ ಮಹಡಿಯಲ್ಲಿದೆ. ತಾರಸಿ ಸೋರುವುದನ್ನು ಸರಿಪಡಿಸಲು ಕಾರ್ಪಸ್ ಫಂಡ್‌ನಿಂದ (ಸಂಘದ ಮೂಲನಿಧಿಯಿಂದ) ಹಣ ತೆಗೆಯುವ ವಿಷಯ ಅದೇ ಸಭೆಯ ಕಾರ್ಯಸೂಚಿಯಲ್ಲಿತ್ತು. ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಮೊದಲು ಪ್ರಕಟಿಸಿದ, 2020ರಲ್ಲಿ ಹನ್ನೆರಡನೆಯ ಆವೃತ್ತಿ ಕಂಡ ಸಭಾ ನಿಯಮಗಳ ಕೈಪಿಡಿಯ ಪ್ರಕಾರ, ಸದಸ್ಯರೇ ಸಲಹೆಗಾರರಾಗಿ ಕುಳಿತರೆ ಅವರು ಗೊತ್ತುವಳಿ ಮಂಡಿಸುವಂತಿಲ್ಲ, ಚರ್ಚೆಯಲ್ಲಿ ಮಾತನಾಡುವಂತಿಲ್ಲ, ರಹಸ್ಯ ಮತದಾನದ ಹೊರತು ಮತ ಹಾಕುವಂತಿಲ್ಲ. ಆ ಕೈಪಿಡಿ ನಮಗೆ ಕಾನೂನಲ್ಲ. ಆದರೂ ಅದನ್ನು ಪಾಲಿಸಿದರೆ ಆ ಹಿರಿಯರು ತಮ್ಮದೇ ತಲೆಯ ಮೇಲಿನ ತಾರಸಿಯ ಬಗ್ಗೆ ಬಾಯಿ ತೆರೆಯುವಂತಿರಲಿಲ್ಲ; ಪಾಲಿಸದಿದ್ದರೆ ಅವರು ಕೊಟ್ಟ ಸರಿಯಾದ ಸಲಹೆಯನ್ನೂ ಜನ ಅನುಮಾನಿಸುತ್ತಿದ್ದರು. ಎರಡೂ ಅವರಿಗೆ ಮಾಡುವ ಅನ್ಯಾಯವೇ. ಸಂಘದ ವಕೀಲರನ್ನೇ ಕೂರಿಸೋಣ ಎಂಬ ಸಲಹೆಯೂ ನಿಲ್ಲಲಿಲ್ಲ: ನಿರ್ವಹಣಾ ಶುಲ್ಕ ಬಾಕಿ ಉಳಿಸಿಕೊಂಡ ಸದಸ್ಯರಿಗೆ ನೋಟಿಸ್ ಕಳಿಸಿದವರು ಅವರೇ, ಮತ್ತು ಆ ಸದಸ್ಯರೂ ಸಭೆಗೆ ಬರುವವರಿದ್ದರು.

ಜಯನಗರದ ಕಚೇರಿಯವರು ಒಪ್ಪಿಗೆ ಸೂಚಿಸುವ ಮೊದಲೇ, ನಾವು ಕೇಳದೆಯೇ, ಒಂದು ಘೋಷಣಾ ಪತ್ರ ಕಳಿಸಿದರು. ಈ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ. ಬಿಲ್ಡರ್ ಜೊತೆ ತಮಗೆ ವ್ಯವಹಾರವಿಲ್ಲ, ಸದಸ್ಯರಲ್ಲಿ ಸಂಬಂಧಿಕರಿಲ್ಲ ಎಂದು ಬರೆದು, ಮೇಂಟೆನೆನ್ಸ್ ಗುತ್ತಿಗೆಗೆ ಅರ್ಜಿ ಹಾಕಿದ ಏಜೆನ್ಸಿಗಳಲ್ಲಿ ಒಂದಕ್ಕೆ ತಮ್ಮ ಪಾಲುದಾರರೊಬ್ಬರು ಹಿಂದಿನ ವರ್ಷದವರೆಗೂ ವಾರ್ಷಿಕ ರಿಟರ್ನ್‌ಗಳನ್ನು ಸಲ್ಲಿಸುತ್ತಿದ್ದರು ಎಂಬುದನ್ನು ಅವರು ಸ್ಪಷ್ಟವಾಗಿ ತಿಳಿಸಿದ್ದರು. ಆ ಒಂದು ವಿಷಯಕ್ಕೆ ಬೇರೆಯವರನ್ನು ಕೂರಿಸಿಕೊಳ್ಳಿ ಎಂದೂ ಹೇಳಿದ್ದರು. ಮುಗಿದುಹೋದ ವ್ಯವಹಾರವನ್ನೂ ಮುಚ್ಚಿಡದ ಈ ನಡತೆ ಈ ಕ್ಷೇತ್ರದಲ್ಲಿ ಎಲ್ಲರಿಂದಲೂ ಬರಬೇಕಾದದ್ದು. ಪತ್ರವನ್ನು ಸಭೆಯ ನೋಟಿಸಿನ ಜೊತೆಗೇ ಎಲ್ಲ ಮನೆಗಳಿಗೂ ಹಂಚಲಾಯಿತು.

ಇಷ್ಟು ಎಚ್ಚರವಿದ್ದವರು ಶುಲ್ಕದ ಪ್ರಸ್ತಾವನೆಯಲ್ಲಿ ಎಡವಿದ್ದು ನನಗೆ ಬೇಸರ ತಂದಿತು. ಮುಂದಿನ ವರ್ಷದಿಂದ ಸಂಘದ ನೋಂದಣಿ ಸಂಬಂಧಿತ ಕಡತಗಳ ಕೆಲಸವನ್ನೂ ತಮಗೇ ಕೊಟ್ಟರೆ ಸಭೆಯ ಶುಲ್ಕದಲ್ಲಿ ರಿಯಾಯಿತಿ ಕೊಡುವುದಾಗಿ ಅದರಲ್ಲಿತ್ತು. ಆ ಕೆಲಸವನ್ನು ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಮುಂದಿನ ಕಾರ್ಯಕಾರಿ ಸಮಿತಿ. ಆ ಸಮಿತಿಯ ಚುನಾವಣೆಯೂ ಇದೇ ಸಭೆಯಲ್ಲಿ. ಹಾಲಿ ಅಧ್ಯಕ್ಷರು ಮತ್ತೆ ಸ್ಪರ್ಧಿಸಿದ್ದರು. ಅಧ್ಯಕ್ಷರು ಗೆದ್ದರೆ ಲಾಭ ಕಾಣುವ ವ್ಯಕ್ತಿ ಅದೇ ಅಧ್ಯಕ್ಷರ ಪಕ್ಕದಲ್ಲಿ ಕುಳಿತು ನಾಮಪತ್ರಗಳ ಕ್ರಮಬದ್ಧತೆಯ ಬಗ್ಗೆ ಸಲಹೆ ಕೊಡುವುದು ಹೇಗೆ ಸರಿಯಾದೀತು? 2014ರ ಕಂಪನಿಗಳ ನಿರ್ವಹಣೆ ಮತ್ತು ಆಡಳಿತ ನಿಯಮಗಳು ವಿದ್ಯುನ್ಮಾನ ಮತದಾನದ ಪರಿಶೀಲಕರು ಕಂಪನಿಯ ನೌಕರರಾಗಿರಬಾರದು ಎನ್ನುತ್ತವೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಾಯಿತವಾದ ನಮ್ಮ ಸಂಘಕ್ಕೆ ಆ ನಿಯಮ ಅನ್ವಯಿಸದು, ಆದರೆ ಅದರ ಹಿಂದಿನ ವಿವೇಕ ನಮಗೂ ಬೇಕು. ನಾವು ಆಕ್ಷೇಪಿಸಿದ ಕೂಡಲೇ ಕಚೇರಿಯವರು ರಿಯಾಯಿತಿಯ ಷರತ್ತನ್ನು ಕೈಬಿಟ್ಟು, ತಮ್ಮ ಕಕ್ಷಿದಾರರು ಸಂಘವೇ ಹೊರತು ಸಮಿತಿಯಲ್ಲ ಎಂಬ ಸಾಲನ್ನು ಸೇರಿಸಿ ಹೊಸ ಪತ್ರ ಕೊಟ್ಟರು. ಆ ಸಾಲು ಮೊದಲ ಪತ್ರದಲ್ಲೇ ಇರಬೇಕಿತ್ತು.

ಸಭೆಯ ದಿನದ ಕೆಲಸ ಒಟ್ಟಾರೆ ಚೆನ್ನಾಗಿತ್ತು. ನೇಮಕವನ್ನು ಮೊದಲ ವಿಷಯವಾಗಿ ಸಭೆಯ ಮುಂದಿಟ್ಟು ಒಪ್ಪಿಗೆ ಪಡೆಯಲಾಯಿತು. ತಾರಸಿ ದುರಸ್ತಿಯ ವೆಚ್ಚಕ್ಕೆ ಮಿತಿ ಹಾಕುವ ತಿದ್ದುಪಡಿಯನ್ನು ಅಧ್ಯಕ್ಷರು ತಳ್ಳಿಹಾಕಲು ಹೊರಟಾಗ, ಅದು ಮೂಲ ಗೊತ್ತುವಳಿಗೆ ಸಂಬಂಧಿಸಿದ್ದೇ, ಮೊದಲು ಅದನ್ನೇ ಮತಕ್ಕೆ ಹಾಕಬೇಕು ಎಂದು ಸಲಹೆಗಾರರು ತಿಳಿಸಿದರು, ಅಧ್ಯಕ್ಷರು ಒಪ್ಪಿದರು. ಅಷ್ಟೊಂದು ಖರ್ಚು ಮಾಡುವುದು ಸರಿಯೇ ಎಂದು ಸದಸ್ಯೆಯೊಬ್ಬರು ನೇರವಾಗಿ ಕೇಳಿದಾಗ, ಅದು ಸಭೆ ತೀರ್ಮಾನಿಸಬೇಕಾದ ವಿಷಯ ಎಂದು ವಿನಯದಿಂದಲೇ ಹೇಳಿ ಸುಮ್ಮನಾದರು. ಗುತ್ತಿಗೆಯ ವಿಷಯ ಬಂದಾಗ ಎದ್ದು ಹೊರಗೆ ಹೋದರು, ಬೇರೊಬ್ಬ ವಕೀಲರು ಆ ಕುರ್ಚಿಯಲ್ಲಿ ಕುಳಿತರು. ಇದಕ್ಕೆ ಹೆಚ್ಚುವರಿ ಖರ್ಚಾಯಿತು; ಖಜಾಂಚಿಯವರು ಗೊಣಗಿದರೂ ಅದು ಸಾರ್ಥಕ ಖರ್ಚೆಂದೇ ನನ್ನ ಅಭಿಪ್ರಾಯ. ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಮೊದಮೊದಲು ಸಲಹೆಗಳೆಲ್ಲ ಅಧ್ಯಕ್ಷರ ಕಿವಿಯಲ್ಲೇ ನಡೆದವು, ಹಿಂದಿನ ಸಾಲಿನವರಿಗೆ ಅವರಿಬ್ಬರ ತಲೆಗಳು ಹತ್ತಿರ ಬರುವುದಷ್ಟೇ ಕಾಣುತ್ತಿತ್ತು. ಆಕ್ಷೇಪ ಬಂದ ಮೇಲೆ ಪ್ರತಿ ಸಲಹೆಯನ್ನೂ ಮೈಕಿನಲ್ಲಿ ಓದಿ ಹೇಳಿದರು, ನಡಾವಳಿಯಲ್ಲೂ ಅವು ದಾಖಲಾದವು.

ಶುಲ್ಕ ಸಣ್ಣ ಸಂಘಗಳಿಗೆ ಹೊರೆಯೆನಿಸಬಹುದು. ಚುನಾವಣೆಯೋ ದೊಡ್ಡ ಗುತ್ತಿಗೆಯೋ ಇಲ್ಲದ ಸಭೆಗೆ ಇದರ ಅಗತ್ಯವೂ ಇಲ್ಲ. ಅವೆರಡರಲ್ಲಿ ಒಂದಿದ್ದರೂ ಈ ಕಚೇರಿಯನ್ನು ಕರೆಸಲು ನಾನು ಸಮ್ಮತಿಸುತ್ತೇನೆ. ಆದರೆ ಸಭೆಯ ನಂತರದ ಒಂದು ವರ್ಷ ಸಂಘದಿಂದ ಬೇರಾವ ಕೆಲಸವನ್ನೂ ಪಡೆಯುವುದಿಲ್ಲ ಎಂದು ಅವರು ಲಿಖಿತವಾಗಿ ಒಪ್ಪಬೇಕು, ಮತ್ತು ಅಧ್ಯಕ್ಷರೇ ಸ್ಪರ್ಧಿಯಾಗಿರುವ ಸಭೆಯಲ್ಲಿ ಸಲಹೆಗಾರರನ್ನು ಆಯ್ಕೆ ಮಾಡುವ ಕೆಲಸವನ್ನು ಸ್ಪರ್ಧೆಯಲ್ಲಿಲ್ಲದ ಸದಸ್ಯರಿಗೆ ಬಿಡಬೇಕು.