ವಿಜಯಪುರದ ಒಂದು ಮುದ್ರಣ ಅಂಗಡಿ ಮತ್ತು ‘ದುಃಖತಪ್ತ’ ಎಂಬ ಪದ

ನಮ್ಮ ಸೋದರತ್ತೆ ತೀರಿಕೊಂಡಾಗ ಶಿವಗಣಾರಾಧನೆಯ ಕಾರ್ಡುಗಳನ್ನೂ ಊರ ಅಗಸಿಯಲ್ಲಿ ಕಟ್ಟುವ ಫ್ಲೆಕ್ಸನ್ನೂ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ವಿಜಯಪುರದ ಗಾಂಧಿ ಚೌಕದಿಂದ ತುಸು ಒಳಗೆ, ಲಗ್ನಪತ್ರಿಕೆಯ ಮಾದರಿಗಳನ್ನು ಬಾಗಿಲ ತುಂಬ ತೂಗುಹಾಕಿರುವ ಒಂದು ಅಂಗಡಿಗೆ ಹೋದೆ. ಅದರ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವ ತಪ್ಪುಗಳು ಅದೊಂದರವೇ ಅಲ್ಲವೆಂಬುದು ನಮ್ಮ ಸೀಮೆಯ ಯಾವುದೇ ಬಸ್ ನಿಲ್ದಾಣದ ಎದುರು ನಿಂತವರಿಗೆ ಗೊತ್ತು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಸಾವಿನ ಮನೆಯಿಂದ ಬಂದವನೆಂದು ತಿಳಿದೊಡನೆ, ಮೊದಲೇ ಬಂದು ಕುಳಿತಿದ್ದ ಲಗ್ನದ ಮನೆಯವರಿಗೆ ಒಂದು ಮಾತು ಹೇಳಿ, ನಮ್ಮ ಕೆಲಸವನ್ನೇ ಮೊದಲು ಹಿಡಿದರು. ಅತ್ತೆಯೊಬ್ಬಳದೇ ಆದ ಚಿತ್ರ ಮನೆಯಲ್ಲಿ ಇರಲಿಲ್ಲ. ಯಾವುದೋ ಮದುವೆಯ ಗುಂಪಿನ ಫೋಟೋದಿಂದ ಅವಳ ಮುಖವನ್ನು ಬಿಡಿಸಿ, ಹೆಗಲ ಮೇಲಿದ್ದ ಇನ್ನಾರದೋ ಕೈಯನ್ನು ಅಳಿಸಿ, ಸೆರಗು ಸರಿಮಾಡಿ, ಅವಳು ನಮ್ಮನ್ನೇ ನೋಡುತ್ತಿದ್ದಾಳೆ ಎನ್ನಿಸುವಂತೆ ಮಾಡಿಕೊಟ್ಟ ಹುಡುಗನ ಕೈಚಳಕಕ್ಕೆ ಹೆಚ್ಚು ಹಣ ಕೇಳಿದ್ದರೂ ಕೊಡುತ್ತಿದ್ದೆ. ಫ್ಲೆಕ್ಸ್ ಎರಡು ತಾಸಿನಲ್ಲಿ, 300 ಕಾರ್ಡು ಸಂಜೆಯೊಳಗೆ ಸಿದ್ಧವಾದವು.

ಅಕ್ಷರದ ವಿಷಯಕ್ಕೆ ಬಂದರೆ ಈ ಮೆಚ್ಚುಗೆ ಉಳಿಯುವುದಿಲ್ಲ. ಅಲ್ಲಿ ಯಾರೂ ಹೊಸದಾಗಿ ಟೈಪ್ ಮಾಡುವುದಿಲ್ಲ. ಹಿಂದೆ ತೀರಿಕೊಂಡ ಯಾರದೋ ಕಾರ್ಡಿನ ಫೈಲನ್ನು ತೆರೆದು ಹೆಸರು, ದಿನಾಂಕ, ಚಿತ್ರ ಬದಲಿಸುತ್ತಾರೆ; ಹೀಗಾಗಿ ಒಂದು ಮನೆಯ ಕಾಗುಣಿತದ ತಪ್ಪು ಮತ್ತೊಂದು ಮನೆಯ ಸಾವಿಗೂ ನಡೆದು ಬರುತ್ತದೆ. ಫ್ಲೆಕ್ಸಿನ ಮೇಲೆ ‘ಶೃದ್ಧಾಂಜಲಿ’ ಎಂದಿತ್ತು. ಶ್ರದ್ಧಾ ಮತ್ತು ಅಂಜಲಿ ಕೂಡಿ ಆದ ಪದವದು. ಅದರಲ್ಲಿ ಋಕಾರಕ್ಕೆ ಎಡೆಯಿಲ್ಲ. ಇದನ್ನು ಹೇಳಿದ ಕೂಡಲೇ ತಿದ್ದಿದರು.

ಕಾರ್ಡಿನ ಕೆಳಗೆ, ಮಕ್ಕಳು ಮೊಮ್ಮಕ್ಕಳ ಹೆಸರಿನ ಮೇಲೆ, ‘ದುಖಃತೃಪ್ತರು’ ಎಂದಿತ್ತು. ಒಂದೇ ಪದದಲ್ಲಿ ಎರಡು ತಪ್ಪು. ವಿಸರ್ಗ ಇರಬೇಕಾದದ್ದು ‘ದು’ವಿನ ಮುಂದೆ, ‘ಖ’ದ ಮುಂದಲ್ಲ. ಎರಡನೆಯದು ಇನ್ನೂ ಘೋರ. ತಪ್ತ ಎಂದರೆ ಕಾದದ್ದು, ಬೆಂದದ್ದು. ದುಃಖದಿಂದ ಬೆಂದವರು ದುಃಖತಪ್ತರು. ‘ತ’ಕ್ಕೆ ಒಂದು ವಟ್ರಸುಳಿ, ಅಂದರೆ ಋಕಾರದ ಗುರುತು, ಸೇರಿತೆಂದರೆ ಅವರೇ ದುಃಖದಿಂದ ತೃಪ್ತಿ ಹೊಂದಿದವರಾಗುತ್ತಾರೆ. ಆಸ್ತಿ ಹಂಚಿಕೆ ಬಾಕಿಯಿರುವ ಮನೆಗಳಲ್ಲಿ ಈ ಪದವನ್ನು ಓದುವವರು ಏನೆಂದುಕೊಳ್ಳಬೇಕು?

ಇದೇ ಮೂಲದ ‘ಸಂತಾಪ’ದ ಬಳಕೆಯ ಬಗ್ಗೆಯೂ ಅಂಗಡಿಯವರೊಡನೆ ಮಾತಾಯಿತು. ಅವರ ಮಾದರಿಯಲ್ಲಿ ‘ಸಂತಾಪ ಸೂಚಿಸುವವರು’ ಎಂದು ಬರೆದು ಕೆಳಗೆ ಮನೆಯವರದೇ ಹೆಸರುಗಳನ್ನು ಹಾಕಲು ಜಾಗ ಬಿಟ್ಟಿದ್ದರು. ತಾಪ, ಅನುತಾಪ, ಪಶ್ಚಾತ್ತಾಪ, ಸಂತಾಪ ಎಲ್ಲವೂ ಸುಡುವುದನ್ನೇ ಹೇಳುವ ಪದಗಳಾದ್ದರಿಂದ ಮಗನ ಒಡಲ ಬೇಗೆಯನ್ನೂ ಸಂತಾಪವೆಂದು ಕರೆಯಲು ನಿಘಂಟಿನ ಅಡ್ಡಿಯಿಲ್ಲ. ಆದರೆ ‘ಸೂಚಿಸು’ ಎಂಬ ಕ್ರಿಯಾಪದದೊಡನೆ ಕೂಡಿದಾಗ ಅದು ಇಂದಿನ ಕನ್ನಡದಲ್ಲಿ ಹೊರಗಿನವರ ಮಾತಾಗಿ ನಿಂತಿದೆ: ಮುಖ್ಯಮಂತ್ರಿಗಳು ಸೂಚಿಸುತ್ತಾರೆ, ಸಂಘದವರು ಸೂಚಿಸುತ್ತಾರೆ. ಹೆತ್ತ ಮಗ ತಾಯಿಯ ಸಾವಿಗೆ ಸಂತಾಪ ಸೂಚಿಸಿದರೆ ಅವನು ನೆರೆಮನೆಯವನಾಗುತ್ತಾನೆ. ನಮ್ಮ ಕಡೆಯ ಆಡುಮಾತಿನಲ್ಲಂತೂ ಈ ಪದವೇ ಇಲ್ಲ. ಸತ್ತವರ ಮನೆಗೆ ‘ಮಾತಾಡಿಸಲಿಕ್ಕೆ’ ಹೋಗಿ ಬರುತ್ತೇವೆ, ಅಷ್ಟೇ. ನನಗೆ ಅದಕ್ಕಿಂತ ಹಿತವಾದ ಪದ ಈವರೆಗೆ ಸಿಕ್ಕಿಲ್ಲ.

ಮತ್ತೊಂದು ಸಾಲಿನ ಬಗ್ಗೆ ನಾನೇ ಹಟ ಹಿಡಿದೆ. ಮೇಲೆ ‘ಲಿಂಗೈಕ್ಯರಾದ ಪ್ರಯುಕ್ತ’ ಎಂದು ಹಾಕಿ, ಕೆಳಗೆ ‘ಮೃತರ ಆತ್ಮಕ್ಕೆ ಚಿರಶಾಂತಿ ಸಿಗಲಿ’ ಎಂದು ಸೇರಿಸಿದ್ದರು. ಶರಣರು ಹೇಳುವ ಸಾಧನೆಯ ಆರು ಮೆಟ್ಟಿಲುಗಳಾದ ಷಟ್‌ಸ್ಥಲಗಳಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ದಾಟಿ ಬರುವ ಕೊನೆಯ ಸ್ಥಲ ಐಕ್ಯ. ಲಿಂಗದಲ್ಲಿ ಒಂದಾದ ಮೇಲೆ ಶಾಂತಿ ಬೇಡಿಕೊಳ್ಳಲು ಬೇರೆ ಆತ್ಮವೆಲ್ಲಿ ಉಳಿಯಿತು? ಕೃಷ್ಣೆ ಮಲಪ್ರಭೆ ಕೂಡುವ ಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪ ಇರುವ ಸೀಮೆಯವರು ನಾವು, ಇಷ್ಟಾದರೂ ತಿಳಿದಿರಬೇಕು. ‘ಎಲ್ಲಾರೂ ಹಿಂಗ ಹಾಕಸ್ತಾರ್ರೀ’ ಎಂದರಾದರೂ ಅಂಗಡಿಯವರು ಆ ಸಾಲನ್ನು ತೆಗೆದರು.

ತಿದ್ದುಪಡಿಗಳನ್ನು ಹಾಳೆಯಲ್ಲಿ ಬರೆದುಕೊಟ್ಟು ಬಂದೆ. ಕರಡನ್ನು ಕಾಗದದ ಮೇಲೆ ತೋರಿಸುವ ಪದ್ಧತಿ ಅಲ್ಲಿಲ್ಲ. ಮೊಬೈಲಿಗೆ ಬಂದ ಚಿತ್ರವನ್ನು, ಮನೆತುಂಬ ಜನರಿರುವಾಗ, ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ನೋಡಿ ‘ಆಯ್ತು’ ಎಂದದ್ದು ನನ್ನ ತಪ್ಪು. ಸಂಜೆ ಪೆಟ್ಟಿಗೆ ಬಿಚ್ಚಿದರೆ ವಿಸರ್ಗ ಸರಿಯಾದ ಜಾಗಕ್ಕೆ ಬಂದಿತ್ತು, ವಟ್ರಸುಳಿ ಮಾತ್ರ ಹಾಗೆಯೇ ಇತ್ತು. ಬೆಳಗಿನ ಬಸ್ಸಿಗೆ ಸಿಂದಗಿ, ಇಂಡಿ ಕಡೆಯ ಊರುಗಳಿಗೆ ಕಾರ್ಡು ಹೋಗಬೇಕಾಗಿದ್ದರಿಂದ ಮರುಮುದ್ರಣಕ್ಕೆ ವೇಳೆಯಿರಲಿಲ್ಲ. ಅತ್ತೆಯ ಮೊಮ್ಮಕ್ಕಳನ್ನು ಕೂಡಿಸಿಕೊಂಡು 300 ಕಾರ್ಡುಗಳ ಮೇಲೂ ಆ ಒಂದು ಗುರುತಿಗೆ ವೈಟ್ನರ್ ಹಚ್ಚಿದೆವು. ಕಾಗದ ಕೆನೆಬಣ್ಣದ್ದು, ಬಿಳಿಯ ಚುಕ್ಕೆ ಎದ್ದು ಕಾಣುತ್ತಿತ್ತು.

ಚಿತ್ರದ ಕೆಲಸಕ್ಕೆ, ಫ್ಲೆಕ್ಸಿಗೆ, ಮಾತಿನ ಸೌಜನ್ಯಕ್ಕೆ ಈ ಅಂಗಡಿಗೆ ಮತ್ತೆ ಹೋಗುತ್ತೇನೆ. ಕಾರ್ಡಿಗಾದರೆ ಕಾಗದದ ಕರಡು ಕೊಡುವವರೆಗೆ ಅಲ್ಲಿಂದ ಏಳುವುದಿಲ್ಲ. ಬಾಕಿ ಹಣ ಕೊಡಲು ಹೋದ ದಿನ, ಮೂಲ ಫೈಲನ್ನಾದರೂ ತಿದ್ದಿಡಿ ಎಂದು ಕೇಳಿದೆ. ಹುಡುಗ ತೆರೆದು ತೋರಿಸಿದ. ಒಂದರ ಕೆಳಗೊಂದು, ಬೇರೆ ಬೇರೆ ಹೆಸರುಗಳಲ್ಲಿ, ಅದೇ ಕಾರ್ಡು ಪರದೆಯ ತುಂಬ ಇತ್ತು. ಒಂದನ್ನು ನನ್ನೆದುರೇ ತಿದ್ದಿದ. ‘ಉಳದದ್ದು ಬಂದಂಗ ತಿದ್ದತೀನ್ರೀ’ ಎಂದ.