ಹಳೇ ಮೋಟರ್‌ಬೋಟ್ ತಗೊಳ್ಳೋರು ದಯವಿಟ್ಟು ಓದಿ, ನಾನು ಮೋಸಹೋದೆ

ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ಮೂರು ವಾರ ಬಾಯಿ ಮುಚ್ಕೊಂಡಿದ್ದೆ, ಮನೆಯವರಿಗೂ ಪೂರ್ತಿ ಹೇಳಿಲ್ಲ. ಆದರೆ ನಿನ್ನೆ ರಾತ್ರಿ ಒಂದು ವಿಷಯ ಕಣ್ಣಿಗೆ ಬಿತ್ತು, ಕೊನೆಯಲ್ಲಿ ಹೇಳ್ತೀನಿ. ಅದನ್ನ ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ನಾನು ತಗೊಂಡಿದ್ದು 2006ರ ಮಾಡೆಲ್, 18 ಅಡಿಯ ಫೈಬರ್ ಬೋಟ್. ಹಿಂದೆ ನಾಲ್ಕು ಸಿಲಿಂಡರಿನ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್, ಅಂದ್ರೆ ಬೋಟಿನ ಹಿಂದೆ ಹೊರಗಡೆ ನೇತುಹಾಕೋ ಎಂಜಿನ್, ಜೊತೆಗೆ ಟ್ರೇಲರ್. ಫೋಟೋದಲ್ಲಿ ಫಳಫಳ. ಹೊಸ ಸೀಟ್ ಕವರ್, ಹೊಸ ಕಾರ್ಪೆಟ್, ಹೊಸ ಸ್ಟೀರಿಯೋ. ಡ್ಯಾಶ್‌ಬೋರ್ಡಿನ ಅವರ್ ಮೀಟರ್ 240 ಗಂಟೆ ತೋರಿಸ್ತಿತ್ತು. ಬೋಟ್ ಎಂಜಿನ್ನಿಗೆ ಕಿಲೋಮೀಟರ್ ಲೆಕ್ಕ ಇಲ್ಲ, ಗಂಟೆ ಲೆಕ್ಕ. ಇಷ್ಟು ವರ್ಷಕ್ಕೆ ಬರೀ 240 ಅಂದ್ರೆ ಓಡೇ ಇಲ್ಲ ಅಂತ ನನಗೆ ಖುಷಿ. ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ನೋಡೋಕೆ ಹೋದಾಗ ಎಂಜಿನ್ ಕವರ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಕೇಳಿದೆ. "ನೀವು ಬರ್ತೀರಂತ ಈಗಷ್ಟೇ ಸ್ವಲ್ಪ ಓಡಿಸಿ ರೆಡಿ ಮಾಡಿಟ್ಟೆ ಸರ್" ಅಂದ ಮಾರೋನು. ನನಗೆ ಅದು ಮರ್ಯಾದೆ ಅನ್ನಿಸ್ತು! ನನಗೋಸ್ಕರ ಇಷ್ಟು ಮಾಡಿದ್ದಾನಲ್ಲ ಅಂತ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಬಿದ್ದಿರೋ ಎಂಜಿನ್ ತಣ್ಣಗಿದ್ದಾಗಲೇ ಸತಾಯಿಸೋದು, ಬಿಸಿ ಮಾಡಿಟ್ಟರೆ ಒಂದೇ ಕೀಲಿಗೆ ಶುರುವಾಗುತ್ತೆ. ಇದು ಗೊತ್ತಿಲ್ಲದ ವಿಷಯ ಅಲ್ಲ. ಹಳೇ ಬೈಕ್ ನೋಡೋಕೆ ಹೋದ್ರೂ ನಾನು ಮೊದಲು ಸೈಲೆನ್ಸರ್ ಬಿಸಿ ಇದೆಯಾ ಅಂತ ನೋಡ್ತೀನಿ. ಬೋಟ್ ಮುಂದೆ ನಿಂತಾಗ ಬುದ್ಧಿ ಎಲ್ಲಿ ಹೋಗಿತ್ತೋ.

ನೀರಿಗಿಳಿಸಿ ನೋಡೋಣ ಅಂದೆ. ಟ್ರೇಲರ್ ಟೈರ್ ಸರಿಯಿಲ್ಲ, ಮುಂದಿನ ವಾರ ಬನ್ನಿ, ಆದರೆ ಇವತ್ತು ಸಂಜೆ ಇನ್ನೊಬ್ಬರು ಬರ್ತಿದ್ದಾರೆ ಅಂದ. ಆ ಇನ್ನೊಬ್ಬರು! ಎಲ್ಲ ವ್ಯಾಪಾರದಲ್ಲೂ ಇರ್ತಾರೆ ಆ ಇನ್ನೊಬ್ಬರು. ಅಲ್ಲೇ ನೆಲದ ಮೇಲೆ ಎಂಜಿನ್ನಿಗೆ ನೀರಿನ ಪೈಪ್ ಸಿಕ್ಕಿಸಿ ಓಡಿಸಿ ತೋರಿಸಿದ. ಶಬ್ದ ಚೆನ್ನಾಗೇ ಇತ್ತು. ಭಾರ ಇಲ್ಲದೆ ಓಡೋ ಎಂಜಿನ್ ಶಬ್ದ ಯಾವಾಗಲೂ ಚೆನ್ನಾಗೇ ಇರುತ್ತೆ. ಸರ್ವಿಸ್ ಬಿಲ್ ಕೇಳಿದ್ದಕ್ಕೆ "ಎಲ್ಲ ನಾನೇ ಮಾಡ್ಕೊಳ್ಳೋದು ಸರ್, ಬಿಲ್ ಎಲ್ಲಿಂದ ಬರ್ಬೇಕು" ಅಂದ. ಅದಕ್ಕೂ ತಲೆಯಾಡಿಸಿದೆ. ದುಡ್ಡು ಕೊಟ್ಟೆ. ಒಂದೇ ಒಂದು ಸಲ ಚೌಕಾಸಿ ಮಾಡಿದೆ, ತಕ್ಷಣ ಇಳಿಸಿದ. ಅದೂ ಒಂದು ಸೂಚನೆ ಆಗಿತ್ತು.

ಮೊದಲ ಸಲ ನೀರಿಗಿಳಿಸಿದ ದಿನ ಬೆಳಿಗ್ಗೆ ಎಂಜಿನ್ ಶುರುವಾಗೋಕೆ ಆರೇಳು ಸಲ ಕೀಲಿ ತಿರುಗಿಸಬೇಕಾಯ್ತು. ಪೂರ್ತಿ ಥ್ರಾಟಲ್ ಕೊಟ್ಟರೂ 4,200 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತೋ ಲೆಕ್ಕ) ದಾಟಲಿಲ್ಲ. ಈ ಎಂಜಿನ್ 5,000ದಿಂದ 6,000ದ ನಡುವೆ ಹೋಗಬೇಕು. ಕರೆ ಮಾಡಿದೆ. "ಹೊಸ ಜಾಗ, ಹೊಸ ಪೆಟ್ರೋಲು, ಅಡ್ಜಸ್ಟ್ ಆಗುತ್ತೆ ಸರ್" ಅಂದ. ಎಂಜಿನ್ ಏನು ಊರು ಬದಲಾಯಿಸಿದ ಮಗುವಾ, ಅಡ್ಜಸ್ಟ್ ಆಗೋಕೆ?

ಆಮೇಲೆ ಮೆಕ್ಯಾನಿಕ್ ಹತ್ರ ತಗೊಂಡು ಹೋದೆ. ಅವರು ಎಂಜಿನ್ ಮುಟ್ಟಲೇ ಇಲ್ಲ. ಪ್ಲಾಸ್ಟಿಕ್ ಸುತ್ತಿಗೆ ತಗೊಂಡು ಬೋಟಿನ ಹಿಂದಿನ ಗೋಡೆ, ಎಂಜಿನ್ ನೇತುಹಾಕೋ ಟ್ರಾನ್ಸಮ್ ಇದೆಯಲ್ಲ, ಅದನ್ನ ಮೇಲಿಂದ ಬಡಿಯುತ್ತಾ ಬಂದರು. ಟಕ್, ಟಕ್, ಟಕ್. ಕೆಳಗೆ ಬಂದ ಹಾಗೆ ಡಬ್, ಡಬ್. ಒದ್ದೆ ರಟ್ಟಿನ ಪೆಟ್ಟಿಗೆ ಬಡಿದ ಹಾಗೆ. ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಮೀನು ಎಲ್ಲಿದೆ ತೋರಿಸೋ ಫಿಶ್ ಫೈಂಡರಿನ ಸೆನ್ಸರ್ ಕೂರಿಸಿದ್ದ ಒಂದು ಸ್ಕ್ರೂ ಇತ್ತು, ನೀರಿನ ಮಟ್ಟಕ್ಕಿಂತ ಕೆಳಗೆ. ಅದನ್ನ ತಿರುಗಿಸಿದರು. ಸ್ಕ್ರೂಡ್ರೈವರ್ ಬೇಕಾಗಲಿಲ್ಲ, ಬೆರಳಲ್ಲೇ ಬಂತು. ಸ್ಕ್ರೂ ತುಂಬಾ ಕಪ್ಪು ಮರದ ಪುಡಿ ಅಂಟಿತ್ತು. ಹಿಂದೆಯೇ ಆ ತೂತಿಂದ ಕಂದು ನೀರು ಸಣ್ಣಗೆ ಸೋರೋಕೆ ಶುರುವಾಯ್ತು. ಬೋಟ್ ನೀರಿಂದ ಮೇಲೆ ಬಂದು ಆರು ದಿನ ಆಗಿತ್ತು! ಆರು ದಿನ! ಕೊಳೆತ ಎಲೆಯ ವಾಸನೆ. ಆ ವಾಸನೆ ಈಗಲೂ ಮೂಗಲ್ಲಿದೆ.

ಅವರು ವಿವರಿಸಿದರು: ಎಷ್ಟೋ ಹಳೇ ಫೈಬರ್ ಬೋಟುಗಳ ಟ್ರಾನ್ಸಮ್ ಒಳಗಡೆ ಪ್ಲೈವುಡ್ ಇರುತ್ತೆ, ಎರಡೂ ಕಡೆ ಫೈಬರ್ ಲೇಪ. ನೀರು ತಡೆಯೋ ಸೀಲೆಂಟ್ ಹಾಕದೆ ಒಂದು ಸ್ಕ್ರೂ ಹೊಡೆದರೆ ಸಾಕು, ವರ್ಷಗಟ್ಟಲೆ ನೀರು ಕುಡಿದು ಮರ ಒಳಗೇ ಕೊಳೆಯುತ್ತೆ, ಹೊರಗೆ ಗೊತ್ತೇ ಆಗಲ್ಲ. ಎಂಜಿನ್ನನ್ನ ಮೇಲಕ್ಕೆ ಟಿಲ್ಟ್ ಮಾಡಿ, ಕೆಳಗಿನ ಭಾಗ ಹಿಡಿದು ಜಗ್ಗಿ ತೋರಿಸಿದರು. ಗೋಡೆ ಉಸಿರಾಡಿದ ಹಾಗೆ ಒಳಗೆ ಹೊರಗೆ ಆಡ್ತಿತ್ತು. ನಾನು ಇದರಲ್ಲಿ ನನ್ನ ಇಬ್ಬರು ಮಕ್ಕಳನ್ನ ಕೂರಿಸ್ಕೊಂಡು ನೀರಿನ ಮಧ್ಯೆ ಹೋಗಿದ್ದೆ.

ಮಿಕ್ಕಿದ್ದನ್ನ ಬೇಗ ಹೇಳ್ತೀನಿ. ಗೇರ್ ಆಯಿಲ್ ಹಾಲಿನ ಹಾಗೆ ಬೆಳ್ಳಗಿತ್ತು, ಅಂದರೆ ಸೀಲ್ ಹೋಗಿ ನೀರು ಒಳಗೆ ಸೇರಿದೆ. ಮೂರು ಸಿಲಿಂಡರ್ ಕಂಪ್ರೆಷನ್ ಹತ್ತಿರ ಹತ್ತಿರ ಒಂದೇ, ನಾಲ್ಕನೆಯದು ಮೂರನೇ ಒಂದು ಭಾಗ ಕಡಿಮೆ. ಕೊನೆಗೆ ಎಂಜಿನ್ನಿನ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಜೋಡಿಸಿದರು. 1,130 ಗಂಟೆ. ಡ್ಯಾಶ್‌ಬೋರ್ಡಲ್ಲಿ 240.

1,130 ಗಂಟೆ ಓಡಿರೋದು ದೊಡ್ಡ ತಪ್ಪಲ್ಲ, ಚೆನ್ನಾಗಿ ನೋಡ್ಕೊಂಡ ಫೋರ್‌ಸ್ಟ್ರೋಕ್ ಅದಕ್ಕಿಂತ ಜಾಸ್ತಿ ಓಡುತ್ತೆ. ಸುಳ್ಳು ಹೇಳಿದ್ದು ತಪ್ಪು. ನಾನು ಬೆಲೆ ಕಟ್ಟಿದ್ದು 240ಕ್ಕೆ.

ಮೆಸೇಜ್ ಹಾಕಿದೆ, ಫೋಟೋ ಸಮೇತ. ಬಂದ ಉತ್ತರ: "ಹಳೇ ಮೀಟರ್ ಕೆಟ್ಟಿತ್ತು ಸರ್, ಹೊಸದು ಹಾಕಿಸಿದ್ದೆ. ನೀವು ಕೇಳಲಿಲ್ಲ." ಟ್ರಾನ್ಸಮ್ ಬಗ್ಗೆ ಕೇಳಿದ್ದಕ್ಕೆ: "ಹಳೇ ಬೋಟ್ ಅಂದ್ಮೇಲೆ ಸ್ವಲ್ಪ ನೀರು ಇದ್ದೇ ಇರುತ್ತೆ." ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂದೆ. "ಇದ್ದ ಹಾಗೇ ಅಂತ ತಾನೇ ತಗೊಂಡಿದ್ದು? ನೋಡಿ ತಗೊಂಡಿದ್ದೀರಿ." ನೋಡಿ ತಗೊಂಡಿದ್ದೀರಿ. ಈ ಮಾತು ನನ್ನನ್ನ ಮೂರು ವಾರ ನಿದ್ದೆ ಮಾಡೋಕೆ ಬಿಟ್ಟಿಲ್ಲ, ಯಾಕಂದ್ರೆ ನಿಜ. ನಾನು ನೋಡಿದ್ದೆ. ಸೀಟ್ ಕವರ್ ನೋಡಿದ್ದೆ, ಸ್ಟೀರಿಯೋ ಹಾಕಿ ಕೇಳಿದ್ದೆ. ಎಂಜಿನ್ ಕೆಳಗೆ ಬಗ್ಗಿ ನೋಡಲಿಲ್ಲ. ಟ್ರಾನ್ಸಮ್ಮಿಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದು ನೋಡಿ ಚೆನ್ನಾಗಿ ಇಟ್ಕೊಂಡಿದ್ದಾನೆ ಅಂದ್ಕೊಂಡೆ.

ಟ್ರಾನ್ಸಮ್ ಕತ್ತರಿಸಿ, ಕೊಳೆತ ಮರ ತೆಗೆದು, ಹೊಸದು ಕೂರಿಸಿ ಫೈಬರ್ ಕಟ್ಟೋಕೆ ಮೆಕ್ಯಾನಿಕ್ ಹೇಳಿದ ಲೆಕ್ಕ ನಾನು ಬೋಟಿಗೆ ಕೊಟ್ಟ ದುಡ್ಡಿನ ಅರ್ಧ ದಾಟುತ್ತೆ. ಎಂಜಿನ್ ರಿಪೇರಿ ಬೇರೆ. ಒಟ್ಟು ಕೂಡಿಸಿದರೆ ಬೋಟಿನ ಬೆಲೆ ಸೊನ್ನೆ. ಈ ಬೋಟಲ್ಲಿ ಬೆಲೆ ಬಾಳೋದು ಟ್ರೇಲರ್ ಒಂದೇ, ಅದರದ್ದೂ ಟೈರ್ ಸರಿಯಿಲ್ಲ.

ತಗೊಳ್ಳೋರಿಗೆ ಹೇಳೋದಿಷ್ಟೆ. ಎಂಜಿನ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ವಾಪಸ್ ಬನ್ನಿ, ಇನ್ನೊಂದು ದಿನ ಹೇಳದೆ ಹೋಗಿ. ನೀರಿಗಿಳಿಸದ ಬೋಟಿಗೆ ಮುಂಗಡ ಕೊಡಬೇಡಿ. ಸುತ್ತಿಗೆ ಇಲ್ಲದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯಿರಿ, ಟ್ರಾನ್ಸಮ್ ಅಷ್ಟೇ ಅಲ್ಲ, ನೆಲವನ್ನೂ. ಹೊಸ ಕಾರ್ಪೆಟ್ ಇದ್ದರೆ ಎತ್ತಿ ಕೆಳಗೆ ಕಾಲಲ್ಲಿ ತುಳಿಯಿರಿ. ಗೇರ್ ಆಯಿಲ್ ನಾಲ್ಕು ಹನಿ ಇಳಿಸಿ ನೋಡೋಕೆ ಬಿಡಲ್ಲ ಅಂದರೆ ಮಾತು ಮುಗೀತು. ಮೆಕ್ಯಾನಿಕ್ಕಿಗೆ ಕೊಡೋ ಫೀಸು ಉಳಿಸೋಕೆ ಹೋಗಬೇಡಿ, ನಾನು ಉಳಿಸಿದ್ದೆ.

ಇನ್ನು ನಿನ್ನೆ ರಾತ್ರಿಯ ವಿಷಯ. ಅದೇ ಮನುಷ್ಯ ಇನ್ನೊಂದು ಬೋಟ್ ಮಾರಾಟಕ್ಕೆ ಹಾಕಿದ್ದಾನೆ. ಅದೇ ಮಾತುಗಳು: ಕಡಿಮೆ ಓಡಿದೆ, ಒಂದೇ ಕೈ, ಇದ್ದ ಹಾಗೇ ಮಾರಾಟ. ಹನ್ನೊಂದು ಫೋಟೋ ಇವೆ. ಸೀಟು, ಸ್ಟೀರಿಂಗ್, ಕಾರ್ಪೆಟ್ ಎಲ್ಲ ಇದೆ. ಹನ್ನೊಂದರಲ್ಲೂ ಹುಡುಕಿದೆ, ಬೋಟಿನ ಹಿಂಭಾಗ ಒಂದರಲ್ಲೂ ಇಲ್ಲ.